ಹೆಸರು ಬೇಡ, ಮೂಗು ಸಾಕು

ಜಪಾನಿನ ಹಳೇ ನಾಟಕ ಪ್ರಕಾರ ಕಬುಕಿಯ ನಟರಲ್ಲಿ ಐದನೇ ಮಾತ್ಸುಮೊತೊ ಕೋಶಿರೊ ಅಂತ ಒಬ್ಬ ಇದ್ದ, ಐದನೇ ಅಂದ್ರೆ ಅದೇ ರಂಗದ ಹೆಸರು ಹೊತ್ತ ಐದನೆಯವನು. 1764ರಲ್ಲಿ ಹುಟ್ಟಿ 1838ರಲ್ಲಿ ತೀರ್ಕೊಂಡವನು, ಎದೋ ಪಟ್ಟಣದಲ್ಲಿ, ಅಂದ್ರೆ ಈಗಿನ ಟೋಕಿಯೋದಲ್ಲಿ, ಕೇಡಿ ಪಾತ್ರ ಅಂದ್ರೆ ಇವನೇ ಅನ್ನೋ ಹಾಗೆ ಹೆಸರು ಮಾಡಿದವನು. ಅವನ ಮೂಗು ದೊಡ್ಡದು, ಎಷ್ಟು ದೊಡ್ಡದು ಅಂದ್ರೆ ಊರಿನೋರೆಲ್ಲ ಅವನನ್ನ ಮೂಗಿನ ಕೋಶಿರೊ ಅಂತಲೇ ಕರೀತಿದ್ರು. ಕಣ್ಣು ಮಾತ್ರ ಸಣ್ಣವು. ಇಂಥ ಮುಖ ಇಟ್ಕೊಂಡು ಪ್ರೇಮಿ ಪಾತ್ರ ಮಾಡೋದು ಕಷ್ಟ, ಆದ್ರೆ ಆತ ಆ ಮೂಗನ್ನೇ ಬಂಡವಾಳ ಮಾಡ್ಕೊಂಡ. ಅವನ ಚಿತ್ರ ಬರೆದ ಕಲಾವಿದರು ಹೆಚ್ಚಾಗಿ ಅವನನ್ನ ಪಕ್ಕಕ್ಕೆ ತಿರುಗಿಸಿಯೇ ಬರೆದಿದ್ದಾರೆ, ಯಾಕಂದ್ರೆ ಎದುರಿಂದ ಬರೆದ್ರೆ ಮೂಗು ಹೋಗ್ಬಿಡತ್ತೆ, ಮೂಗು ಹೋದ್ರೆ ಕೋಶಿರೊ ಹೋದ, ಕೋಶಿರೊ ಹೋದ್ರೆ ಆ ಪ್ರಿಂಟನ್ನ ಯಾರು ಕೊಂಡ್ಕೊಳ್ತಾರೆ?

ಕಬುಕಿ ನಟರ ಮರದಚ್ಚಿನ ಚಿತ್ರಗಳಿಗೆ ಜಪಾನಿನಲ್ಲಿ ಯಾಕುಶಾ-ಎ ಅಂತಾರೆ. ಇವು ಉಕಿಯೊ-ಎ ಅನ್ನೋ ಜಪಾನಿ ಮರದಚ್ಚಿನ ಕಲೆಯ ಒಂದು ಭಾಗ, ಉಕಿಯೊ-ಎ ಅಂದ್ರೆ ನಮಗೆಲ್ಲ ತಕ್ಷಣ ನೆನಪಾಗೋದು ಹೊಕುಸಾಯ್ ಬರೆದ ದೊಡ್ಡ ಅಲೆ, ಮಗ್ ಮೇಲೆ ಟೀಶರ್ಟ್ ಮೇಲೆ ಲ್ಯಾಪ್‌ಟಾಪ್ ಸ್ಟಿಕರ್ ಮೇಲೆ ಎಲ್ಲಾ ಕಡೆ ಇರೋದು ಅದೇ. ಆದ್ರೆ ಎದೋ ಕಾಲದಲ್ಲಿ (1603-1868) ಅಂಗಡಿ ಮುಂದೆ ನೇತಾಡ್ತಿದ್ದ, ಜನ ಮುಗಿಬಿದ್ದು ತಗೊಳ್ತಿದ್ದ ಪ್ರಿಂಟುಗಳಲ್ಲಿ ನಟರ ಪಾಲು ತುಂಬಾ ದೊಡ್ಡದು. ಹೊಕುಸಾಯ್ ಕೂಡ ಶುರು ಮಾಡಿದ್ದು ಅಲ್ಲಿಂದಲೇ, 1779ರಲ್ಲಿ ಶುನ್‌ರೋ ಅನ್ನೋ ಹೆಸರಲ್ಲಿ ಬಂದ ಅವನ ಮೊದಲ ಪ್ರಿಂಟುಗಳು ನಟರದ್ದು. ಅಲೆ ಬಂದಿದ್ದು ಅದಾದ ಮೇಲೆ ಐವತ್ತು ವರ್ಷಕ್ಕೆ.

ಮ್ಯೂಸಿಯಂಗಳ ಸೈಟಲ್ಲಿ ಇವನ್ನ ಝೂಮ್ ಮಾಡಿ ನೋಡೋ ಚಟ ಹತ್ತಿ ಸುಮಾರು ಕಾಲ ಆಯ್ತು. ನೋಡ್ತಾ ನೋಡ್ತಾ ನನ್ನ ತಲೇಲಿ ಕೂತಿರೋ ಪ್ರಶ್ನೆ ಒಂದೇ: ಜನ ಇದರಲ್ಲಿ ಕೊಂಡ್ಕೊಳ್ತಿದ್ದದ್ದು ಪಾತ್ರವನ್ನೋ, ನಟನನ್ನೋ? ಪ್ರಿಂಟಿನ ಮೂಲೆಯಲ್ಲಿ ಬಹಳ ಸಲ ಎರಡೂ ಹೆಸರು ಇರತ್ತೆ, ಇಂಥ ಪಾತ್ರದಲ್ಲಿ ಇಂಥವನು ಅಂತ. ಆದ್ರೆ ಮುಖ ಒಂದೇ ಇರೋದಲ್ವಾ. ಆ ಒಂದು ಮುಖದಲ್ಲಿ ಪಾತ್ರ ಎಷ್ಟು, ಮನುಷ್ಯ ಎಷ್ಟು ಅನ್ನೋ ಲೆಕ್ಕಾಚಾರದಲ್ಲೇ ಈ ಕಲೆಯ ನೂರೈವತ್ತು ಇನ್ನೂರು ವರ್ಷದ ಕಥೆ ಇದೆ ಅಂತ ನನಗನ್ಸುತ್ತೆ.

ಶುರುವಿನಲ್ಲಿ ಮುಖಕ್ಕೆ ಕೆಲಸವೇ ಇರ್ಲಿಲ್ಲ. ತೋರಿಇ ಕಿಯೊನೊಬು ಅನ್ನೋನು 1687ರಲ್ಲಿ ಅಪ್ಪನ ಜೊತೆ ಒಸಾಕಾದಿಂದ ಎದೋಗೆ ಬಂದ, ಅಪ್ಪ ಮಗ ಇಬ್ರೂ ಥಿಯೇಟರ್ ಮುಂದೆ ಹಾಕೋ ಬೋರ್ಡು ಬರೀತಿದ್ರು, ಆಮೇಲೆ ಅದೇ ಕೈ ಪ್ರಿಂಟಿಗೂ ಬಂತು. ಬೋರ್ಡು ದೂರದಿಂದ ಕಾಣ್ಬೇಕಲ್ಲ, ಹಾಗಾಗಿ ಕಾಲು ಸೋರೆಬುರುಡೆ ಥರ ಮೀನಖಂಡ ಉಬ್ಬಿ ಹಿಮ್ಮಡಿ ಹತ್ರ ಸಣ್ಣ ಆಗಿರತ್ತೆ, ಗೆರೆಗಳು ಎರೆಹುಳು ಹರಿದ ಹಾಗೆ ದಪ್ಪ ತೆಳು ಆಗ್ತಾ ಹೋಗತ್ತೆ. ಹೀಗೆ ಹೇಳೋದು ನನ್ನ ಕಲ್ಪನೆ ಅಲ್ಲ, ಜಪಾನಿನೋರೇ ಆ ಶೈಲಿಗೆ ಸೋರೆ ಕಾಲು, ಎರೆಹುಳು ಗೆರೆ ಅಂತಲೇ ಹೆಸರಿಟ್ಟಿದ್ದಾರೆ. ಮುಖ ಮಾತ್ರ ಎಲ್ಲರದ್ದೂ ಒಂದೇ. ಯಾರು ಅಂತ ತಿಳ್ಕೊಳ್ಬೇಕು ಅಂದ್ರೆ ಬಟ್ಟೆ ಮೇಲಿನ ಮನೆತನದ ಮುದ್ರೆ ನೋಡ್ಬೇಕು, ಒಂದರೊಳಗೊಂದು ಮೂರು ಚೌಕ ಇದ್ರೆ ಅದು ಇಚಿಕಾವಾ ದಾಂಜೂರೊ, ಅಷ್ಟೇ. ಮುದ್ರೆ ಬದಲಾಯಿಸಿದ್ರೆ ನಟನೇ ಬದಲಾದ ಹಾಗೆ. ಈ ತೋರಿಇ ಮನೆತನ ಇವತ್ತಿಗೂ ಕಬುಕಿ ಬೋರ್ಡು ಬರೆಯೋ ಮನೆತನ ಅಂತಲೇ ಗುರುತಿಸ್ಕೊಳ್ಳತ್ತೆ. ಒಂಬತ್ತನೇ ತಲೆಮಾರಿನಲ್ಲಿ ಮನೆತನದ ಯಜಮಾನಿಕೆ ಹೊತ್ತಿದ್ದು ಒಬ್ಬ ಹೆಂಗಸು, ಕಿಯೊಮಿತ್ಸು, 2021ರಲ್ಲಿ ತೀರ್ಕೊಂಡ್ರು.

ಮುಖ ಬಂದಿದ್ದು ಕತ್ಸುಕಾವಾ ಶುನ್‌ಶೋ ಅನ್ನೋ ಕಲಾವಿದನ ಕಾಲಕ್ಕೆ. 1765ರ ಹೊತ್ತಿಗೆ ಹಲವು ಹಲಗೆ ಬಳಸಿ ಪೂರ್ತಿ ಬಣ್ಣದಲ್ಲಿ ಅಚ್ಚು ಹಾಕೋದು ಚಾಲ್ತಿಗೆ ಬಂತು, ಅದಾಗಿ ಐದೇ ವರ್ಷಕ್ಕೆ, 1770ರಲ್ಲಿ, ಶುನ್‌ಶೋ ಮತ್ತೆ ಬುಂಚೊ ಅನ್ನೋ ಇನ್ನೊಬ್ಬ ಕಲಾವಿದ ಸೇರಿ ಒಂದು ಚಿತ್ರಪುಸ್ತಕ ತಂದ್ರು. ಬೀಸಣಿಗೆ ಆಕಾರದ ಚೌಕಟ್ಟಿನೊಳಗೆ ಒಬ್ಬೊಬ್ಬ ನಟನ ಮುಖ, ಇದು ಇವನದ್ದೇ ಅಂತ ಗೊತ್ತಾಗೋ ಹಾಗೆ ಬರೆದಿರೋದು. ಅಲ್ಲಿಂದ ಮುಂದೆ ಹಿಂತಿರುಗಿ ನೋಡಿದ್ದಿಲ್ಲ. ಶುನ್‌ಶೋ ಪ್ರಿಂಟುಗಳು ಬಹಳಷ್ಟು ಸಣ್ಣ ಪಟ್ಟಿ ಥರ, ಸುಮಾರು 33 ಸೆಂಟಿಮೀಟರ್ ಎತ್ತರ 15 ಅಗಲ. ಒಂದು ದೃಶ್ಯಕ್ಕೆ ಮೂರೋ ಐದೋ ಹಾಳೆ, ಒಂದೊಂದರಲ್ಲಿ ಒಬ್ಬೊಬ್ಬ ನಟ, ಪಕ್ಕಪಕ್ಕ ಇಟ್ರೆ ಹಿನ್ನೆಲೆಯ ಮರ, ಹೊಳೆ, ಬೇಲಿ ಕೂಡ್ಕೊಳ್ಳತ್ತೆ, ಇಡದಿದ್ರೂ ಏನೂ ಕೊರತೆ ಅನ್ಸಲ್ಲ. ಪೂರ್ತಿ ದೃಶ್ಯ ಬೇಕಿದ್ದೋರು ಐದೂ ತಗೊಳ್ಳಿ, ನಿಮ್ಮ ನೆಚ್ಚಿನ ನಟ ಒಬ್ಬನೇ ಸಾಕು ಅಂದ್ರೆ ಒಂದೇ ತಗೊಳ್ಳಿ. ವ್ಯಾಪಾರ ಗೊತ್ತಿದ್ದೋರ ಕೆಲಸ.

ಈ ವ್ಯಾಪಾರದ ವಿಷಯ ಬಿಟ್ಟು ಈ ಚಿತ್ರಗಳ ಬಗ್ಗೆ ಮಾತಾಡೋದು ನನಗೆ ಯಾಕೋ ಸರಿ ಅನ್ಸಲ್ಲ. ಪಬ್ಲಿಷರ್ ದುಡ್ಡು ಹಾಕ್ತಾನೆ, ಯಾವ ನಟ, ಯಾವ ಪಾತ್ರ ಅಂತ ಅವನೇ ನಿರ್ಧಾರ ಮಾಡೋದು. ಕಲಾವಿದ ತೆಳು ಹಾಳೆ ಮೇಲೆ ಮಸಿಯಲ್ಲಿ ಬರೆದು ಕೊಡ್ತಾನೆ. ಆ ಹಾಳೆಯನ್ನ ಚೆರ್ರಿ ಮರದ ಹಲಗೆ ಮೇಲೆ ಮಗುಚಿ ಅಂಟಿಸಿ, ಗೆರೆ ಉಳಿಸಿ ಮಿಕ್ಕಿದ್ದನ್ನ ಕೆತ್ತಿ ತೆಗೀತಾರೆ, ಅಂದ್ರೆ ಕಲಾವಿದನ ಮೂಲ ಚಿತ್ರ ಅಲ್ಲೇ ನಾಶ. ಬಟ್ಟೆ, ಹಿನ್ನೆಲೆ ಎಲ್ಲ ಕಲಿಯೋ ಹುಡುಗರು ಕೆತ್ತಬಹುದು, ಮುಖ ಮತ್ತೆ ಕೂದಲು ಮಾತ್ರ ಪಳಗಿದ ಕೈಗೇ. ಹಣೆ ಮೇಲೆ ಕೂದಲು ಶುರುವಾಗೋ ಜಾಗ ಇದ್ಯಲ್ಲ, ಅದನ್ನ ಒಂದ್ಸಲ ದೊಡ್ಡದು ಮಾಡಿ ನೋಡಿ. ಒಂದು ಮಿಲಿಮೀಟರ್‌ನಲ್ಲಿ ಎರಡು ಮೂರು ಕೂದಲು, ಒಂದೊಂದೂ ಬೇರೆ, ಯಾವುದೂ ಮುರಿದಿಲ್ಲ, ಎಲ್ಲಾ ಮರದಲ್ಲಿ ಉಬ್ಬಾಗಿ ಉಳಿಸಿದ್ದು. ಇದನ್ನ ಕೆತ್ತಿದವನ ಹೆಸರು ಬಹುಪಾಲು ಪ್ರಿಂಟಲ್ಲಿ ಇಲ್ಲ. ಆಮೇಲೆ ಬಣ್ಣಕ್ಕೊಂದೊಂದು ಹಲಗೆ, ಪ್ರತಿ ಹಲಗೆಯ ಮೂಲೆಯಲ್ಲಿ ಹಾಳೆ ಕೂರಿಸೋಕೆ ಒಂದು ಗುರುತು, ಆ ಗುರುತು ಕೂದಲೆಳೆ ತಪ್ಪಿದ್ರೆ ತುಟಿ ಕೆಂಪು ಗಲ್ಲಕ್ಕೆ ಬಂದು ಕೂರತ್ತೆ. ಅಚ್ಚು ಹಾಕೋನು ಬ್ರಶ್ಶಲ್ಲಿ ಹಲಗೆಗೆ ಬಣ್ಣ ಮತ್ತೆ ಒಂಚೂರು ಅಕ್ಕಿ ಗಂಜಿ ಹಚ್ಚಿ, ಹಾಳೆ ಇಟ್ಟು, ಬಿದಿರಿನ ಪೊರೆ ಸುತ್ತಿದ ದುಂಡನೆ ಬಿಲ್ಲೆಯಲ್ಲಿ ಹಿಂದಿನಿಂದ ಉಜ್ಜುತ್ತಾನೆ. ಮೆಷಿನ್ ಯಾವುದೂ ಇಲ್ಲ, ಎಲ್ಲಾ ಭುಜದ ಬಲ.

ಇಷ್ಟೆಲ್ಲ ಆಗಿ ಬೆಲೆ ಎಷ್ಟು ಅಂದ್ರೆ, ಒಂದೆರಡು ಬಟ್ಟಲು ಸೋಬಾ ನೂಡಲ್ಸ್ ತಿನ್ನೋ ದುಡ್ಡು. ನಾಟಕದ ಒಳ್ಳೇ ಸೀಟು ತಗೊಳ್ಳೋಕೆ ಆಗದವರು ಪ್ರಿಂಟು ತಗೊಳ್ತಿದ್ರು. ನಾಟಕ ಓಡೋಷ್ಟು ದಿನವೇ ಪ್ರಿಂಟಿಗೂ ಬೆಲೆ, ಅದಕ್ಕೇ ಎಷ್ಟೋ ಸಲ ನಾಟಕ ಶುರುವಾಗೋಕೂ ಮುಂಚೆ ಚಿತ್ರ ಬರೆದು ಮುಗಿಸ್ತಿದ್ರು. ಕಲಾವಿದ ಇನ್ನೂ ಆಡದೇ ಇರೋ ದೃಶ್ಯವನ್ನ ಹೀಗಿರಬಹುದು ಅಂತ ಊಹೆ ಮಾಡಿ ಬರೆದಿರೋದು. ಇವು ನೋಡಿ ಬರೆದ ಚಿತ್ರ ಅಂತ ನಂಬಿ ನಾಟಕದ ಇತಿಹಾಸ ಬರೆಯೋಕೆ ಹೊರಟವರು ಸ್ವಲ್ಪ ಹುಷಾರಾಗಿರ್ಬೇಕು ಅಷ್ಟೇ.

ಇನ್ನು ಶರಾಕು. ಈ ವಿಷಯ ಎತ್ತಿದ್ರೆ ಅವನ ಹೆಸರು ಬರ್ದೇ ಇರಲ್ಲ.

1794ರ ಐದನೇ ತಿಂಗಳು. ಎದೋದ ಮೂರು ಮುಖ್ಯ ಥಿಯೇಟರ್‌ಗಳೂ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ್ವು, ಅವುಗಳ ಬದಲಿಗೆ ಆಡೋ ಪರವಾನಗಿ ಇದ್ದ ಮಿಯಾಕೊ-ಜಾ, ಕಿರಿ-ಜಾ, ಕವರಾಜಾಕಿ-ಜಾ ನಾಟಕ ಆಡ್ತಿದ್ವು. ಪಬ್ಲಿಷರ್ ತ್ಸುತಾಯಾ ಜೂಜಾಬುರೊ ಕೂಡ ಪೆಟ್ಟು ತಿಂದಿದ್ದವನೇ, 1791ರಲ್ಲಿ ಸರ್ಕಾರಕ್ಕೆ ಹಿಡಿಸದ ಪುಸ್ತಕ ಹಾಕಿದ್ದಕ್ಕೆ ಅವನ ಅರ್ಧ ಆಸ್ತಿ ಮುಟ್ಟುಗೋಲು ಆಗಿತ್ತು, ಬರೆದ ಸಾಂತೊ ಕ್ಯೋದೆನ್‌ಗೆ 50 ದಿನ ಕೈಗೆ ಬೇಡಿ. ಇಂಥ ಹೊತ್ತಲ್ಲಿ ತ್ಸುತಾಯಾ ಯಾರಿಗೂ ಗೊತ್ತಿಲ್ಲದ ಒಬ್ಬ ಕಲಾವಿದನ 28 ದೊಡ್ಡ ಪ್ರಿಂಟುಗಳನ್ನ ಒಟ್ಟಿಗೆ ಬಿಟ್ಟ. ಎಲ್ಲಾ ಎದೆಮಟ್ಟದ ಚಿತ್ರ, ಹಿನ್ನೆಲೆಗೆ ಏನೂ ಇಲ್ಲ, ಬರೀ ಕಾಗೆಬಂಗಾರದ ಪುಡಿ ಬೆರೆಸಿದ ಕಪ್ಪು ಬೂದಿ ಬಣ್ಣ. ಕೈಯಲ್ಲಿ ಹಿಡಿದು ವಾಲಿಸಿದ್ರೆ ಮಿನುಗತ್ತೆ. ಸ್ಕ್ಯಾನ್‌ನಲ್ಲಿ ಇದು ಸತ್ತು ಹೋಗತ್ತೆ, ಬರೀ ಮಂಕು ಬೂದಿ ಥರ ಕಾಣತ್ತೆ, ಆನ್‌ಲೈನಲ್ಲಿ ನೋಡೋ ನಮ್ಮಂಥೋರಿಗೆ ಇದೊಂದು ನಷ್ಟ.

ಎಲ್ಲರೂ ನೋಡಿರೋದು ಮೂರನೇ ಓತಾನಿ ಓನಿಜಿ. ಪಾತ್ರದ ಹೆಸರು ಎದೋಬೆಇ, ದುಡ್ಡಿಗೆ ದರೋಡೆ ಮಾಡೋ ಬಾಡಿಗೆ ಗೂಂಡಾ. ಕತ್ತು ಮುಂದಕ್ಕೆ ಚಾಚಿ, ಬಾಯಿ ಒಂದು ಗೆರೆಯಾಗಿ ಕೆಳಗೆ ಬಾಗಿ, ಕಿಮೊನೊದ ಎದೆ ಸೀಳಿಂದ ಎರಡೂ ಕೈ ಬೆರಳು ಅಗಲಿಸಿ ಹೊರಗೆ ಬಂದಿದೆ. ಆ ಕೈಗಳು ಮುಖಕ್ಕೆ ಹೋಲಿಸಿದ್ರೆ ಚಿಕ್ಕವು, ಮಣಿಕಟ್ಟು ಎಲ್ಲಿಂದ ಬಂತು ಅಂತ ಹುಡುಕಿದ್ರೆ ಸಿಗಲ್ಲ. ಅಂಗರಚನೆ ಪ್ರಕಾರ ತಪ್ಪೇ. ಆದ್ರೆ ಕೈ ಸರಿಯಾದ ಅಳತೆಗೆ ಇದ್ದಿದ್ರೆ ಇವನು ಬರೀ ಬಲಿಷ್ಠ ಕಳ್ಳ ಆಗ್ತಿದ್ದ. ಈ ಪುಟ್ಟ ಕೈ ಇರೋದ್ರಿಂದ ಇವನಿಗೂ ಒಳಗೆ ಪುಕ್ಕಲು ಇದೆ, ಎದುರಿಗೆ ಇರೋನು ಓಡಿ ಹೋಗ್ಲಿ ಅಂತ ಗದರಿಸ್ತಿದಾನೆ ಅಂತ ಅನ್ಸುತ್ತೆ. ಕನಿಷ್ಠ ನನಗೆ ಹಾಗನ್ಸುತ್ತೆ. ಓನಿಜಿ ಪಾಪ ಇದಾದ ಎರಡು ವರ್ಷಕ್ಕೆ, ಹೆಸರು ಬದಲಾಯಿಸ್ಕೊಂಡು ಎರಡನೇ ನಾಕಾಮುರಾ ನಾಕಾಜೊ ಆದ ಮೇಲೆ, ತೀರ್ಕೊಂಡ.

ಅದೇ ನಾಟಕದ ಇನ್ನೊಂದು ಪ್ರಿಂಟಲ್ಲಿ ಇಚಿಕಾವಾ ಎಬಿಜೊ ಇದಾನೆ, ಹಿಂದೆ ಐದನೇ ದಾಂಜೂರೊ ಆಗಿದ್ದವನು, ಆಗ ಐವತ್ತು ದಾಟಿತ್ತು. ಪಾತ್ರ ತಾಕೆಮುರಾ ಸಾದಾನೊಶಿನ್, ಮಗಳ ತಪ್ಪಿಗೆ ತಾನು ಪ್ರಾಣ ಕೊಡೋ ಅಪ್ಪ. ಮುಖದಲ್ಲಿ ಸುಕ್ಕು ಲೆಕ್ಕ ಮಾಡ್ಬೋದು. ನನಗೆ ಓನಿಜಿಗಿಂತ ಇದು ಇಷ್ಟ, ಯಾಕಂದ್ರೆ ಇಲ್ಲಿ ಪಾತ್ರಕ್ಕೂ ನಟನಿಗೂ ವಯಸ್ಸಾಗಿದೆ, ಎರಡು ಮುದಿತನ ಒಂದರ ಮೇಲೊಂದು ಕೂತಿದೆ, ಜಗಳ ಇಲ್ಲ.

ಜಗಳ ಇರೋದು ಸ್ತ್ರೀಪಾತ್ರಗಳಲ್ಲಿ. ಕಬುಕಿ ಶುರುವಾಗಿದ್ದೇ ಹೆಂಗಸರಿಂದ, 1603ರಲ್ಲಿ ಕ್ಯೋಟೋದಲ್ಲಿ ಓಕುನಿ ಅನ್ನೋಳು ಕುಣಿದಿದ್ರಿಂದ. 1629ರಲ್ಲಿ ಹೆಂಗಸರು ರಂಗಕ್ಕೆ ಬರೋ ಹಾಗಿಲ್ಲ ಅಂತ ಆಯ್ತು, 1652ರಲ್ಲಿ ಹದಿಹರೆಯದ ಹುಡುಗರಿಗೂ ನಿಷೇಧ, ಉಳಿದಿದ್ದು ಬೆಳೆದ ಗಂಡಸರು. ಅವರು ಮುಂದಲೆ ಬೋಳಿಸಬೇಕು ಅಂತ ಕಾನೂನು, ಬೋಳು ಹಣೆ ಇಟ್ಕೊಂಡು ಹೆಣ್ಣಾಗೋದು ಹೇಗೆ, ಅದಕ್ಕೆ ಅಲ್ಲಿಗೆ ಒಂದು ತುಂಡು ನೇರಳೆ ಬಟ್ಟೆ ಮುಚ್ಚಿಕೊಳ್ತಿದ್ರು. ಪ್ರಿಂಟಲ್ಲಿ ಸುಂದರಿ ಒಬ್ಬಳ ಹಣೆ ಮೇಲೆ ನೇರಳೆ ಪಟ್ಟಿ ಕಂಡ್ರೆ ಅದು ಗಂಡಸು ಅಂತ ತಿಳೀರಿ. ವಿಚಿತ್ರ ನೋಡಿ, ಗಂಡುತನ ಮುಚ್ಚೋಕೆ ಬಂದ ಬಟ್ಟೆಯೇ ಗಂಡಸು ಅನ್ನೋದಕ್ಕೆ ಗುರುತಾಗಿ, ಕೊನೆಗೆ ಅದೇ ಒಂದು ಚೆಂದ ಆಗಿಬಿಡ್ತು.

ಶರಾಕು ಬರೆದ ಎರಡನೇ ಸೆಗಾವಾ ತೊಮಿಸಾಬುರೊನ ಚಿತ್ರ ನೋಡಿ, ಯಾದೊರಿಗಿ ಅನ್ನೋ ಹೆಂಡತಿ ಪಾತ್ರ. ಉದ್ದ ದವಡೆ, ಕಿರಿದಾದ ಗಟ್ಟಿ ಕಣ್ಣು, ಬಿಗಿ ಬಾಯಿ. ಉಡುಪು ಹೆಣ್ಣಿನದ್ದು, ಜಡೆಕಟ್ಟು ಹೆಣ್ಣಿನದ್ದು, ಮುಖ ಮಾತ್ರ ಒಬ್ಬ ಗಂಡಸಿನದ್ದು. ನಮ್ಮಲ್ಲಿ ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದು ಅರ್ಥ ಆಗೋದು ಸುಲಭ. ವೇಷ ಚೆನ್ನಾಗಿ ಮಾಡೋರ ಬಗ್ಗೆ ಹೆಂಗಸರಿಗಿಂತ ಹೆಂಗಸು ಅಂತ ಹೊಗಳ್ತೀವಿ, ಚೌಕಿಯಲ್ಲಿ ಗಡ್ಡ ಬೋಳಿಸಿ ಬಣ್ಣ ಹಚ್ಕೊಳ್ತಿದ್ದ ಅದೇ ಮನುಷ್ಯನನ್ನ ನೋಡಿದ್ರೂ ರಂಗಸ್ಥಳದ ಮುಂದೆ ಕೂತಾಗ ಅದನ್ನ ಮರೀತೀವಿ, ಮರೆಯೋದೇ ನಮ್ಮ ಪಾಲಿನ ಕೆಲಸ. ಶರಾಕು ಚೌಕಿಯಲ್ಲಿ ಕಂಡಿದ್ದನ್ನ ರಂಗಸ್ಥಳಕ್ಕೆ ತಂದುಬಿಟ್ಟ. ಅದೂ ಅಭಿಮಾನಿಗಳು ದುಡ್ಡು ಕೊಟ್ಟು ತಗೊಳ್ಳೋ ಹಾಳೆ ಮೇಲೆ.

ಹತ್ತು ತಿಂಗಳು, 140ಕ್ಕೂ ಹೆಚ್ಚು ಪ್ರಿಂಟು, 1795ರ ಮೊದಲ ತಿಂಗಳ ನಂತರ ಆಸಾಮಿ ಮಾಯ. ಕೊನೇ ಕಂತಿನವು ನಿಜಕ್ಕೂ ಸಪ್ಪೆ, ಸಣ್ಣ ಸೈಜು, ಜೀವ ಇಲ್ಲ. ಆ ಕಾಲದ ಬರಹಗಾರ ಓತಾ ನಾಂಪೊ ಬರೆದಿಟ್ಟ ಮಾತಿನ ಸಾರ ಏನಂದ್ರೆ, ಇವನು ನಿಜವನ್ನ ಅತಿಯಾಗಿ ಬರೆಯೋಕೆ ಹೋಗಿ ಬರೀಬಾರದ ಹಾಗೆ ಬರೆದ, ಅದಕ್ಕೇ ಬಾಳ್ಲಿಲ್ಲ ಅಂತ. 1844ರಲ್ಲಿ ಸಾಯಿತೊ ಗೆಶ್ಶಿನ್ ಅನ್ನೋನು ಶರಾಕು ಅಂದ್ರೆ ಆವಾ ಪ್ರಾಂತ್ಯದ ದೊರೆಯ ಆಶ್ರಯದಲ್ಲಿದ್ದ, 'ನೋ' ಅನ್ನೋ ಇನ್ನೊಂದು ಹಳೇ ನಾಟಕ ಪ್ರಕಾರದ ನಟ ಸಾಯಿತೊ ಜೂರೊಬೆಇ ಅಂತ ಬರೆದಿಟ್ಟಿದ್ದಾನೆ, ಆದ್ರೂ ಜನಕ್ಕೆ ಸಮಾಧಾನ ಇಲ್ಲ, ಅವನು ಹೊಕುಸಾಯ್ ಇರ್ಬೇಕು, ಇವನಿರ್ಬೇಕು, ತ್ಸುತಾಯಾನೇ ಇರ್ಬೇಕು ಅಂತ ಒಂದು ಪತ್ತೇದಾರಿ ಉದ್ಯಮವೇ ನಡೀತಾ ಇದೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. 1910ರಲ್ಲಿ ಯೂಲಿಯುಸ್ ಕುರ್ತ್ ಅನ್ನೋ ಜರ್ಮನ್ ವಿದ್ವಾಂಸ ಇವನ ಮೇಲೆ ಪುಸ್ತಕ ಬರೆದ ಮೇಲೆ ಪಶ್ಚಿಮದಲ್ಲಿ ಶರಾಕು ದೊಡ್ಡ ಹೆಸರಾದ, ಅಲ್ಲಿಂದ ಒಂದು ಕಥೆ ಹುಟ್ಕೊಳ್ತು: ಮೇಧಾವಿ ಕಲಾವಿದ, ಅರ್ಥ ಮಾಡ್ಕೊಳ್ಳದ ದಡ್ಡ ಜನ.

ಈ ಕಥೆ ನನಗೆ ಹಿಡಿಸಲ್ಲ. ಶರಾಕು ಮೇಧಾವಿ, ಒಪ್ಪಿದೆ. ಜನ ದಡ್ಡರಾಗಿರ್ಲಿಲ್ಲ. ಅದೇ ವರ್ಷ, ಅದೇ ಥಿಯೇಟರ್‌ಗಳ ಅದೇ ನಟರನ್ನ ತೊಯೊಕುನಿ ಅನ್ನೋ ಇಪ್ಪತ್ತೈದರ ಆಸುಪಾಸಿನ ಹುಡುಗ ಬರೆದ, ಪೂರ್ತಿ ನಿಂತಿರೋ ಭಂಗಿ, ತಿಳಿ ಹಿನ್ನೆಲೆ, ಮುಖ ನೋಡಿದ್ರೆ ಯಾರು ಅಂತ ಗೊತ್ತಾಗತ್ತೆ ಆದ್ರೆ ಅವತ್ತು ಆ ಮನುಷ್ಯ ಇದ್ದದ್ದಕ್ಕಿಂತ ಒಂದು ತೂಕ ಹೆಚ್ಚು ಚೆಂದ. ಅದು ಓಡ್ತು, ಅವನ ಶಿಷ್ಯರ ಶಿಷ್ಯರವರೆಗೆ ಓಡ್ತಾ ಹೋಯ್ತು. ಜನ ಅವನ ಪ್ರಿಂಟು ಕೊಂಡಿದ್ದು ಥಿಯೇಟರ್‌ನಲ್ಲಿ ಆ ಮಧ್ಯಾಹ್ನ ತಮಗೆ ಆಗಿದ್ದನ್ನ ಮನೆಗೆ ತಗೊಂಡು ಹೋಗೋಕೆ, ನಟನಿಗೆ ವಯಸ್ಸಾಗಿದೆ ಅಂತ ಸಾಕ್ಷಿ ಇಟ್ಕೊಳ್ಳೋಕೆ ಅಲ್ಲ. ಶರಾಕುನ ಚಿತ್ರ ನಾವು ಮೆಚ್ಚೋದು ಸುಲಭ ಯಾಕಂದ್ರೆ ನಾವ್ಯಾರೂ ತೊಮಿಸಾಬುರೊನ ಅಭಿಮಾನಿಗಳಲ್ಲ, ನಮಗೆ ಅವನ ಮೇಲೆ ಪ್ರೀತಿ ಇಲ್ಲ, ಮುರಿಯೋಕೆ ಏನೂ ಇಲ್ಲ.

ಆ ಪ್ರೀತಿ ಎಷ್ಟರ ಮಟ್ಟಿಗೆ ಇತ್ತು ಅಂತೀರಾ? 1740ರ ದಶಕದಲ್ಲಿ ಸಾನೊಗಾವಾ ಇಚಿಮಾತ್ಸು ಅನ್ನೋ ನಟ ಬಿಳಿ ನೀಲಿ ಚೌಕಳಿ ಇರೋ ಉಡುಪು ಹಾಕ್ಕೊಂಡು ಬಂದ, ಪ್ರಿಂಟುಗಳಲ್ಲೂ ಬಂತು, ಊರಿನ ಹೆಂಗಸರೆಲ್ಲ ಅದೇ ಚೌಕಳಿ ಬಟ್ಟೆಗೆ ಮುಗಿಬಿದ್ರು, ಇವತ್ತಿಗೂ ಜಪಾನಿನಲ್ಲಿ ಆ ವಿನ್ಯಾಸಕ್ಕೆ ಇಚಿಮಾತ್ಸು ಅಂತಲೇ ಹೆಸರು. ಟೋಕಿಯೋ 2020 ಒಲಿಂಪಿಕ್ಸ್ ಲೋಗೋ ನೆನಪಿದ್ಯಾ, ಕಡುನೀಲಿ ಚೌಕಗಳ ಉಂಗುರ? ಅದು ಇದೇ ಇಚಿಮಾತ್ಸು.

ಅಭಿಮಾನ ಹೆಚ್ಚಾದ್ರೆ ಸರ್ಕಾರಕ್ಕೆ ಕಣ್ಣುರಿ. 1841-42ರಲ್ಲಿ ತೆಂಪೊ ಸುಧಾರಣೆ ಅಂತ ಬಂತು, ದುಂದು ನಿಲ್ಲಿಸ್ತೀವಿ, ನೀತಿ ಕಲಿಸ್ತೀವಿ ಅಂತ ಶುರು ಮಾಡಿ ಥಿಯೇಟರ್‌ಗಳನ್ನ ಊರ ನಡುವಿಂದ ಎತ್ತಿ ಅಸಾಕುಸಾ ಕಡೆಗೆ ಹಾಕಿದ್ರು, ಏಳನೇ ದಾಂಜೂರೊನನ್ನ ಆಡಂಬರದ ಬದುಕು ಅನ್ನೋ ಆರೋಪದ ಮೇಲೆ ಎದೋದಿಂದ ಗಡಿಪಾರು ಮಾಡಿದ್ರು, ನಟರ ಮತ್ತೆ ವೇಶ್ಯೆಯರ ಚಿತ್ರ ಅಚ್ಚು ಹಾಕೋ ಹಾಗಿಲ್ಲ ಅಂದ್ರು. ನಿಷೇಧ ಕೆಲವೇ ವರ್ಷಕ್ಕೆ ಸಡಿಲ ಆಯ್ತು, ಆದ್ರೆ ಆಮೇಲೂ ಎಷ್ಟೋ ಕಾಲ ಪ್ರಿಂಟಿನ ಮೇಲೆ ನಟನ ಹೆಸರು ಹಾಕ್ತಿರ್ಲಿಲ್ಲ, ಪಾತ್ರದ ಹೆಸರು ಮಾತ್ರ. ಅಧಿಕಾರಿ ಬಂದು ಕೇಳಿದ್ರೆ, ಸ್ವಾಮೀ ಇದು ನಟ ಅಲ್ಲ, ಹಳೇ ಕಥೆಯ ಯೋಧ ಅಷ್ಟೇ ಅನ್ಬೋದು. ಕೊಳ್ಳೋರಿಗೆ ಹೆಸರು ಬೇಕಾಗೇ ಇರ್ಲಿಲ್ಲ. ಶುನ್‌ಶೋನಿಂದ ಅಲ್ಲಿವರೆಗೆ ಎಪ್ಪತ್ತು ವರ್ಷ ಅವರ ಕಣ್ಣು ಪಳಗಿತ್ತು, ಮೂಗು ನೋಡಿದ್ರೆ ಸಾಕು.

ಇದರ ಹುಚ್ಚು ತುದಿ ಮುಟ್ಟಿದ್ದು ಕುನಿಯೊಶಿ ಅನ್ನೋ ಕಲಾವಿದ. ಆಮೆಗಳ ಚಿತ್ರ ಬರೆದ, ಪ್ರತಿ ಆಮೆಗೂ ಒಬ್ಬೊಬ್ಬ ನಟನ ಮುಖ. ಮತ್ತೆ 1847-48ರ ಸುಮಾರಿಗೆ ಒಂದು ಸರಣಿ ತಂದ, ಉಗ್ರಾಣದ ಗೋಡೆ ಮೇಲೆ ಯಾರೋ ಪೋಲಿ ಹುಡುಗ ಮೊಳೆಯಲ್ಲಿ ಗೀಚಿದ ಹಾಗೆ. ಕೈ ಕಾಲು ಸೊಟ್ಟ, ಗೆರೆ ನಡುಗ್ತಿದೆ, ದೇಹ ಅನ್ನೋದು ಮಕ್ಕಳ ಚಿತ್ರದ ಹಾಗೆ, ಒಂದರ ಪಕ್ಕ ಒಂದು ತಲೆ, ನಡುವೆ ಎರಡು ಬಾಲದ ಒಂದು ಬೆಕ್ಕು ತಲೆಗೆ ಟವೆಲ್ ಸುತ್ಕೊಂಡು ಕುಣೀತಿದೆ. ನೋಡಿದ ತಕ್ಷಣ ನಗು ಬರತ್ತೆ. ಆಮೇಲೆ ಒಂದೊಂದೇ ಮುಖ ನೋಡಿ: ಹುಬ್ಬು ಎಲ್ಲಿ ಮುರಿಯತ್ತೆ, ಗಲ್ಲ ಎಲ್ಲಿ ತಿರುಗತ್ತೆ, ಮೂಗಿನ ತುದಿ ಎಷ್ಟು ಕೆಳಗೆ ಅನ್ನೋದು ಒಂದಿಷ್ಟೂ ತಪ್ಪಿಲ್ಲ. ಬರೋದೇ ಇಲ್ಲ ಅನ್ನೋ ಹಾಗೆ ಬರೆಯೋಕೆ ಎಷ್ಟು ಬರ್ಬೇಕು! ಇನ್ನೊಂದು ತಮಾಷೆ ಅಂದ್ರೆ ಈ ಗೀಚು ಗೆರೆಯನ್ನೂ ಕೆತ್ತುಗಾರ ಅಷ್ಟೇ ನಿಷ್ಠೆಯಿಂದ ಚೆರ್ರಿ ಹಲಗೆಯಲ್ಲಿ ಉಳಿಸಿ ಕೆತ್ತಿದ್ದಾನೆ, ಒರಟು ಗೆರೆಯ ಒಂದೊಂದು ಒರಟನ್ನೂ. ಇಡೀ ಯಾಕುಶಾ-ಎಯಲ್ಲಿ ಒಂದೇ ಒಂದು ಪ್ರಿಂಟು ಆರಿಸ್ಕೋ ಅಂದ್ರೆ ನಾನು ಶರಾಕುನ ಬಿಟ್ಟು ಇದನ್ನ ತಗೊಳ್ತೀನಿ. ಶರಾಕು ಜನರ ಪ್ರೀತಿಯನ್ನ ಲೆಕ್ಕಕ್ಕೆ ತಗೊಳ್ಳದೆ ನಟನ ಮುಖ ನೋಡಿದ, ಕುನಿಯೊಶಿ ಆ ಪ್ರೀತಿ ಮೇಲೇ ಭಾರ ಹಾಕಿ ಮುಖವನ್ನ ಎಷ್ಟು ಬೇಕಾದ್ರೂ ಕೆಡಿಸ್ದ, ಜನ ಹೇಗೂ ಗುರುತು ಹಿಡೀತಾರೆ ಅಂತ ಅವನಿಗೆ ಗೊತ್ತಿತ್ತು.

ಗಡಿಪಾರಾದ ಏಳನೇ ದಾಂಜೂರೊನ ಮಗ ಎಂಟನೇ ದಾಂಜೂರೊ. ಚೆಲುವ, ಹೆಂಗಸರ ಕಣ್ಮಣಿ, ಅಪ್ಪನ ಮೇಲಿನ ಭಕ್ತಿಗೆ 1845ರಲ್ಲಿ ಇದೇ ಸರ್ಕಾರದಿಂದ ಬಹುಮಾನ ಬೇರೆ. ಸುಕೆರೊಕು ಪಾತ್ರದಲ್ಲಿ ಅವನು ಮುಳುಗಿ ಎದ್ದ ತೊಟ್ಟಿ ನೀರನ್ನ ಹೆಂಗಸರು ಮುಖಕ್ಕೆ ಹಚ್ಕೊಳ್ಳೋಕೆ ದುಡ್ಡು ಕೊಟ್ಟು ತಗೊಂಡ್ರು ಅನ್ನೋ ಕಥೆ ಇದೆ. 1854ರಲ್ಲಿ ಒಸಾಕಾದ ಒಂದು ತಂಗುಮನೆಯಲ್ಲಿ ಆತ್ಮಹತ್ಯೆ ಮಾಡ್ಕೊಂಡ, ಮೂವತ್ತರ ಮೇಲೊಂದೆರಡು ವರ್ಷ ವಯಸ್ಸು. ಸುದ್ದಿ ಎದೋ ತಲುಪಿದ್ದೇ ತಡ ಸಾವಿನ ಚಿತ್ರಗಳು ಬರೋಕೆ ಶುರು ಆದ್ವು. ಇದು ಒಂದು ಪ್ರಕಾರವೇ, ಶಿನಿ-ಎ ಅಂತಾರೆ, ನಟ ಸತ್ತಾಗ ತಿಳಿನೀಲಿ ಉಡುಪಲ್ಲಿ ಅವನ ಚಿತ್ರ, ಸತ್ತ ದಿನ, ಮರಣಾನಂತರದ ಬೌದ್ಧ ಹೆಸರು, ಯಾವ ದೇವಸ್ಥಾನದಲ್ಲಿ ಸಮಾಧಿ ಅಂತ ಎಲ್ಲ ಹಾಕಿ ಬಿಡ್ತಿದ್ರು. ಅವಸರದಲ್ಲಿ ತಾರೀಖು, ವಯಸ್ಸು ತಪ್ಪಿರೋದೂ ಉಂಟು. ಕಲಾವಿದನ ಸಹಿ ಇಲ್ಲ, ಸೆನ್ಸಾರ್ ಮುದ್ರೆ ಇಲ್ಲ, ಅನುಮತಿಗೆ ಕಾಯೋಷ್ಟು ಟೈಮ್ ಎಲ್ಲಿ. ಎಂಟನೇ ದಾಂಜೂರೊಗೆ ಇಂಥವು ನೂರಾರು ಬಂದ್ವು. ಒಂದರಲ್ಲಿ ಬುದ್ಧನ ಪರಿನಿರ್ವಾಣದ ಹಾಗೇ ಅವನು ಮಲಗಿದಾನೆ, ಸುತ್ತ ಶಿಷ್ಯರು ಇರೋ ಜಾಗದಲ್ಲಿ ಎಲ್ಲಾ ವಯಸ್ಸಿನ ಹೆಂಗಸರು ಎದೆ ಬಡ್ಕೊಂಡು ಅಳ್ತಿದಾರೆ. ಇದು ಭಕ್ತಿಯೋ ಗೇಲಿಯೋ ಅಂತ ಕೇಳಿದ್ರೆ ಎರಡೂ ಅಂತೀನಿ. ಸತ್ತ ಮನುಷ್ಯನ ಮೇಲೆ ದುಡ್ಡು ಮಾಡಿದ್ರು ಅನ್ನೋದೂ ನಿಜ, ತಗೊಂಡು ಅತ್ತೋರ ಕಣ್ಣೀರೂ ನಿಜ.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ. ಹಳೇ ಪ್ರಿಂಟಿನ ಕೆಂಪು ಕುಸುಬೆ ಹೂವಿಂದ ಬರ್ತಿತ್ತು, ನೀಲಿ ಒಂದು ಹುಲ್ಲಿನ ಹೂವಿಂದ, ಎರಡೂ ಬೆಳಕಿಗೆ ಮಂಕಾಗತ್ತೆ, ಈಗ ನಾವು ಮೆಚ್ಚೋ ಆ ಮೃದು ಬಣ್ಣ ಬಹಳಷ್ಟು ಬಿಸಿಲಿನ ಕೈಚಳಕ, ಅವತ್ತು ಅವು ಕಣ್ಣಿಗೆ ಹೊಡೆಯೋ ಹಾಗಿದ್ವು. 1868ರಿಂದ ಶುರುವಾದ ಮೇಜಿ ಕಾಲಕ್ಕೆ ರಾಸಾಯನಿಕ ಕೆಂಪು ಬಂತು, ಕುನಿಚಿಕಾ ಅನ್ನೋ ಕಲಾವಿದ ಅದನ್ನ ಧಾರಾಳವಾಗಿ ಸುರಿದ, ಕಲಾ ವಿಮರ್ಶಕರು ಮೂಗು ಮುರೀತಾರೆ, ನನಗೇನೋ ಅವನ ಮೂರು ಹಾಳೆ ತುಂಬಾ ಒಬ್ಬನೇ ನಟ ನಿಂತಿರೋ ಚಿತ್ರಗಳು ಖುಷಿ ಕೊಡತ್ತೆ. ಫೋಟೋ ಬಂದ ಮೇಲೆ ನಟನ ಮುಖಕ್ಕೆ ಹಲಗೆ ಕೆತ್ತೋ ಅಗತ್ಯ ಹೋಯ್ತು. 1920ರ ದಶಕದಲ್ಲಿ ನಾತೊರಿ ಶುನ್‌ಸೆನ್, ಪಬ್ಲಿಷರ್ ವಾತಾನಾಬೆ ಜೊತೆ ಸೇರಿ, ಕೊನೇ ಸಲ ಅನ್ನೋ ಹಾಗೆ ಚೆಂದದ 36 ನಟಮುಖಗಳ ಸರಣಿ ಮಾಡ್ದ. ಆದ್ರೆ ಅಷ್ಟೊತ್ತಿಗೆ ಅದನ್ನ ತಗೊಳ್ತಿದ್ದವನು ಸಂಗ್ರಹಕಾರ, ನೂಡಲ್ಸ್ ದುಡ್ಡು ಉಳಿಸಿದ ಅಭಿಮಾನಿ ಅಲ್ಲ.

ಕೋಶಿರೊನ ಮೂಗು ಎಲ್ಲಿ ಹೋಯ್ತು ಅಂತ ಕೇಳ್ಬೋದು. ಅವನು ಸತ್ತು 25 ವರ್ಷ ಆದ ಮೇಲೆ, 1863ರಲ್ಲಿ, ಇಪ್ಪತ್ತು ಸಾವಿರದ ಆಸುಪಾಸು ಚಿತ್ರ ಬರೆದಿದಾನೆ ಅಂತ ಅಂದಾಜಿರೋ ಕುನಿಸಾದಾ, ಎಪ್ಪತ್ತೇಳು ವರ್ಷದ ಮುದುಕ, ಅವನನ್ನ ನಿಕ್ಕಿ ದಾಂಜೊ ಪಾತ್ರದಲ್ಲಿ ಮತ್ತೆ ಬರೆದ. ಇಲಿಯಾಗಿ ಬದಲಾಗೋ ಮಾಟಗಾರ, ಹೊಗೆ ನಡುವೆ ನೆಲದಿಂದ ಎದ್ದು ಬಂದು ಮಾತಿಲ್ಲದೆ ನಡ್ಕೊಂಡು ಹೋಗೋ ಖಳ, ಕೋಶಿರೊ ಅತಿ ಹೆಚ್ಚು ಹೆಸರು ಮಾಡಿದ ಪಾತ್ರ ಅದು. ದಪ್ಪ ದುಬಾರಿ ಹಾಳೆ, ಕೂದಲೆಳೆ ಎಳೆಯಾಗಿ ಕೆತ್ತಿದ್ದು, ಅದೇ ಮೂಗು, ಅದೇ ಚಿಕ್ಕ ಕಣ್ಣು. ಕೋಶಿರೊಗೆ ಎಡ ಹುಬ್ಬಿನ ಮೇಲೆ ಒಂದು ಮಚ್ಚೆ ಇತ್ತು. ಇವತ್ತಿಗೂ ನಿಕ್ಕಿ ದಾಂಜೊ ಆಡೋ ನಟ ಬಣ್ಣ ಹಚ್ಕೊಳ್ಳೋವಾಗ ಆ ಜಾಗದಲ್ಲಿ ಒಂದು ಮಚ್ಚೆ ಇಟ್ಕೊಳ್ತಾನೆ. ಕಥೆಯಲ್ಲಿ ಆ ಮಚ್ಚೆಗೆ ಯಾವ ಕಾರಣವೂ ಇಲ್ಲ, ಪಾತ್ರಕ್ಕೆ ಅದು ಬಂದಿದ್ದೇ ಆ ಮನುಷ್ಯನ ಮೈಯಿಂದ. ಪಾತ್ರ ಎಷ್ಟು, ನಟ ಎಷ್ಟು ಅಂತ ನಾನು ಕೇಳ್ತಿದ್ದ ಪ್ರಶ್ನೆಗೆ ಕಬುಕಿಯೋರು ಲೆಕ್ಕವನ್ನೇ ಬೇರೆ ಥರ ಇಟ್ಟಿದ್ದಾರೆ.

ನೋಡ್ಬೇಕು ಅನ್ನೋರಿಗೆ ಒಂದು ದಾರಿ ಹೇಳ್ತೀನಿ. ಟೋಕಿಯೋದ ವಾಸೆದಾ ವಿಶ್ವವಿದ್ಯಾಲಯದ ನಾಟಕ ಮ್ಯೂಸಿಯಂನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ನಟರ ಪ್ರಿಂಟು ಇದೆ, ಆನ್‌ಲೈನಲ್ಲಿ ಹುಡುಕ್ಬೋದು, ಪುಟ ಜಪಾನಿ ಭಾಷೆಯಲ್ಲಿದ್ರೆ ಬ್ರೌಸರ್ ಅನುವಾದ ಹಾಕ್ಕೊಳ್ಳಿ. ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುನ್‌ಶೋ ರಾಶಿ ಇದೆ, ನ್ಯೂಯಾರ್ಕಿನ ಮೆಟ್ ಮ್ಯೂಸಿಯಂನಲ್ಲಿ ಓನಿಜಿ ಇದಾನೆ, ದೊಡ್ಡ ಫೈಲು ಫ್ರೀಯಾಗೇ ಸಿಗತ್ತೆ. ಕಲಾವಿದರ ಹೆಸರಲ್ಲಿ ಹುಡುಕ್ಬೇಡಿ, ನಟನ ಹೆಸರಲ್ಲಿ ಹುಡುಕಿ. ಒಬ್ಬನನ್ನ ಹಿಡ್ಕೊಂಡು ಅವನ ಇಪ್ಪತ್ತರಿಂದ ಅರವತ್ತರವರೆಗೆ ಬೇರೆ ಬೇರೆ ಕೈಯಲ್ಲಿ ಬಂದ ಚಿತ್ರಗಳನ್ನ ಸಾಲಾಗಿ ನೋಡ್ತಾ ಹೋಗಿ, ಶೀರ್ಷಿಕೆ ಓದ್ಬೇಡಿ. ಕೋಶಿರೊನಿಂದ ಶುರು ಮಾಡಿದ್ರೆ ಸುಲಭ, ಹತ್ತನೇ ಪ್ರಿಂಟಿಗೆ ನೀವೇ ಗುರುತು ಹಿಡೀತೀರ.